ಗಣಕಯಂತ್ರದ ಗಣಿತಾಭ್ಯಾಸಗಳಲ್ಲಿ ನ್ಯಾಸಚಿತ್ರಗಳ ಪರಿಪಾಲನೆ

ಪ್ರಾಚೀನ ಗಣಿತಗ್ರಂಥಗಳನ್ನು ಓದಿದವರಿಗೆ ‘ನ್ಯಾಸ’ವೆಂಬ ಶಬ್ದವು ಪರಿಚಿತವಾದುದೇ ಆಗಿದೆ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ (ಕ್ರಿ. ಶ. 1150) ಮೊದಲು ಸೂತ್ರ, ಅನಂತರ ಉದಾಹರಣೆ, ಅದರ ಬಳಿಕ ನ್ಯಾಸ. ನ್ಯಾಸವೆಂದರೆ ಪ್ರಶ್ನೆಯಲ್ಲಿ ಹೇಳಿದ ಸಂಖ್ಯೆಗಳನ್ನಾಗಲಿ ಕ್ಷೇತ್ರದ ಆಕೃತಿಯನ್ನಾಗಲಿ ಕಣ್ಣಿಗೆ ಕಾಣುವಂತೆ ಇಡುವುದು. ಶ್ಲೋಕಕ್ಕೆ ಛಂದಸ್ಸಿನ ಕಾವಲುಂಟು. ಒಂದು ಮಾತ್ರೆ ತಪ್ಪಿದರೆ ಕಿವಿಯೇ ಅದನ್ನು ಹಿಡಿಯುವುದು. ಆಕೃತಿಗಾದರೋ ಅಂಥ ಕಾವಲಿಲ್ಲ. ಲಿಪಿಕಾರನು ಲಂಬವನ್ನು ಓರೆಯಾಗಿ ಎಳೆದರೆ ಅವನ ಹಿಂದೆ ಬರುವವನೂ ಓರೆಯಾಗಿಯೇ ಎಳೆಯುವನು. ನೃಪತುಂಗನನ್ನು ಸ್ತುತಿಸಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನ ಕ್ಷೇತ್ರಗಣಿತವನ್ನು ಓದುವವನು ಇಂದಿಗೂ ಶ್ಲೋಕವನ್ನು ನಂಬಿ ಚಿತ್ರವನ್ನು ತಾನೇ ಬರೆದುಕೊಳ್ಳುವುದು ಲೇಸು. ಆ ರಾಜನ ಮಾನ್ಯಖೇಟವಾದ ಇಂದಿನ ಮಳಖೇಡವಿರುವ ಕಲಬುರಗಿ ಜಿಲ್ಲೆಯಲ್ಲಿಯೇ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿರುವುವು. ಅಲ್ಲಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ನ್ಯಾಸದ ಈ ಹಳೆಯ ತೊಡಕು ಗಣಕಯಂತ್ರದೊಳಗೆ ಯಾವ ರೂಪದಿಂದ ಮರಳಿ ಬಂದಿದೆಯೆಂಬುದನ್ನು ಇಲ್ಲಿ ವಿವರಿಸಲಾಗುವುದು.

ಗೃಹಪಾಠವನ್ನು ಜಾಲದ ಮೂಲಕ ಕೊಟ್ಟು ಉತ್ತರವನ್ನು ಯಂತ್ರದಿಂದಲೇ ಪರೀಕ್ಷಿಸುವ ತಂತ್ರಾಂಶಗಳು ಹಲವಿವೆ. ಅವುಗಳಲ್ಲಿ ಹಳೆಯದೂ ಎಲ್ಲರಿಗೂ ತೆರೆದದ್ದೂ ಆದುದು ‘ವೆಬ್‌ವರ್ಕ್’. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಗಣಿತಾಧ್ಯಾಪಕರಾದ ಆರ್ನಾಲ್ಡ್ ಪೈಝರ್ ಮತ್ತು ಮೈಕೆಲ್ ಗೇಜ್ ಎಂಬವರು 1990ರ ದಶಕದ ಮಧ್ಯಭಾಗದಲ್ಲಿ ಇದನ್ನು ಪರ್ಲ್ ಎಂಬ ಗಣಕಭಾಷೆಯಲ್ಲಿ ರಚಿಸಿದರು. ಇದರ ಸಾರ್ವಜನಿಕ ಪ್ರಶ್ನಭಂಡಾರದಲ್ಲಿ 35,000ಕ್ಕೂ ಮಿಕ್ಕ ಪ್ರಶ್ನೆಗಳಿವೆ. ಇಲ್ಲಿ ಪ್ರಶ್ನೆಯೆಂಬುದು ಅಚ್ಚಿನ ವಾಕ್ಯವಲ್ಲ, ಒಂದು ಕ್ರಮವಿಧಿ. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಬೀಜಸಂಖ್ಯೆಯನ್ನು ಕೊಟ್ಟು, ಅದರಿಂದ ಪ್ರಶ್ನೆಯ ಅಂಕೆಗಳನ್ನು ಹುಟ್ಟಿಸುವರು. ಒಬ್ಬನಿಗೆ ಬಂದ ಪರವಲಯದ ಶೀರ್ಷವು ಒಂದು ಕಡೆಯಿದ್ದರೆ ಪಕ್ಕದವನದು ಬೇರೊಂದು ಕಡೆ. ಆದುದರಿಂದ ನಕಲಿಗೆ ಎಡೆ ಕಡಮೆ. ಆದರೆ ಚಿತ್ರವನ್ನು ಮೊದಲೇ ಬರೆದಿಡುವುದಕ್ಕಾಗದು; ಪ್ರಶ್ನೆ ತೆರೆದಾಗ ಆ ಅಂಕೆಗಳಿಗೆ ತಕ್ಕಂತೆ ಹೊಸದಾಗಿಯೇ ಬರೆಯಬೇಕು. ಹೀಗೆ ಬರೆಯುವ ವಿಧಿವಾಕ್ಯಗಳೇ ನಮ್ಮ ವಿಷಯ.

ಯಂತ್ರವು ವಕ್ರರೇಖೆಯನ್ನು ಕೈಯಿಂದ ಎಳೆದಂತೆ ಎಳೆಯುವುದಿಲ್ಲ. ಒತ್ತೊತ್ತಾಗಿ ಕೆಲವು ಬಿಂದುಗಳನ್ನು ಗಣಿಸಿ, ಅವುಗಳನ್ನು ಸಣ್ಣ ಸರಳರೇಖೆಗಳಿಂದ ಜೋಡಿಸುವುದು. ಒಂದು ರಾಶಿಯಿಂದ 2ನ್ನು ಕಳೆದು, ಉಳಿದುದರಿಂದ 1ನ್ನು ಭಾಗಿಸಬೇಕೆಂದಿರಲಿ. ರಾಶಿಯು 2 ಆದಾಗ ಫಲವು ಖಹರ. ಅಲ್ಲಿ ಬಿಂದುವೇ ಇಲ್ಲ. 2ಕ್ಕಿಂತ ತುಸು ಕಡಮೆಯಾದಲ್ಲಿ ಫಲವು ಪಾತಾಳಕ್ಕೆ ಇಳಿದಿರುವುದು, ತುಸು ಹೆಚ್ಚಾದಲ್ಲಿ ಆಕಾಶಕ್ಕೆ ಏರಿರುವುದು. ವಿವೇಕವಿಲ್ಲದ ಯಂತ್ರವು ಇವೆರಡನ್ನೂ ಜೋಡಿಸಿ ನಡುವೆ ನೆಟ್ಟಗೆ ಒಂದು ಗೋಡೆಯನ್ನು ಎಬ್ಬಿಸುವುದು. ವಿದ್ಯಾರ್ಥಿಯು ಅದನ್ನು ರೇಖೆಯ ಭಾಗವೆಂದೇ ಓದುವನು. ಅಂತೆಯೇ ಚಿತ್ರದ ಚೌಕಟ್ಟು −5ರಿಂದ 5ರ ವರೆಗೆ ಎಂದು ಸ್ಥಿರವಾಗಿದ್ದು, ಬೀಜದಿಂದ ಹುಟ್ಟಿದ ಶೀರ್ಷವು 6ರ ಬಳಿ ಬಿದ್ದರೆ, ಕೇಳಿದ ಬಿಂದುವು ಚಿತ್ರದಲ್ಲಿ ಇರುವುದೇ ಇಲ್ಲ. ಹತ್ತು ಮಂದಿಗೆ ಸರಿಯಾಗಿ ಬಂದ ಪ್ರಶ್ನೆ ಹನ್ನೊಂದನೆಯವನಿಗೆ ಅಸಾಧ್ಯವಾಗುವುದು. ಉತ್ತರವನ್ನು ಪರೀಕ್ಷಿಸುವ ಭಾಗವು ಚಿತ್ರವನ್ನು ನೋಡುವುದಿಲ್ಲ, ಸಂಖ್ಯೆಯನ್ನು ಮಾತ್ರ ನೋಡುವುದು. ಆದುದರಿಂದ ಅದು ಅವನನ್ನೇ ತಪ್ಪುಗಾರನೆಂದು ನಿರ್ಣಯಿಸುವುದು. ಎದುರಿಗೆ ಗುರುವಿದ್ದರೆ ಕೇಳಬಹುದು. ಊರಿನಲ್ಲಿ ಒಬ್ಬನೇ ಕುಳಿತು ಮೊಬೈಲಿನ ಪರದೆಯನ್ನು ನೋಡುವ ಹುಡುಗನು ಯಾರನ್ನು ಕೇಳಬೇಕು? ತನಗೇ ಗಣಿತ ಬಾರದೆಂದು ನಂಬುವನು. ಇದಕ್ಕೆ ಪರಿಹಾರವೆಂದರೆ ಚಿತ್ರ, ಚೌಕಟ್ಟು, ಉತ್ತರ ಮೂರನ್ನೂ ಒಂದೇ ಮೂಲರಾಶಿಗಳಿಂದ ಹೊರಡಿಸುವುದು. ಚಿತ್ರಕ್ಕೆ ಬೇರೆ ಅಂಕೆಗಳನ್ನು ಕೈಯಿಂದ ಬರೆಯಲೇ ಕೂಡದು.

ಇದಕ್ಕಿಂತಲೂ ಸೂಕ್ಷ್ಮವಾದ ದೋಷವೊಂದುಂಟು. ಪಾಣಿನಿಯ ಸೂತ್ರಪಾಠದಲ್ಲಿ ಹಿಂದಿನ ಸೂತ್ರದ ಪದವು ಮುಂದಿನವುಗಳಿಗೆ ಅನುವೃತ್ತಿಯಿಂದ ಹರಿದು ಬರುವುದಷ್ಟೆ. ನಡುವೆ ಒಂದು ಹೊಸ ಸೂತ್ರವನ್ನು ತುರುಕಿದರೆ ಕೆಳಗಿನವುಗಳ ಅರ್ಥವೇ ಪಲ್ಲಟವಾಗುವುದು. ಬೀಜಸಂಖ್ಯೆಯಿಂದ ಹುಟ್ಟುವ ಅಂಕೆಗಳಿಗೂ ಇದೇ ಗತಿ. ಅವು ಒಂದರ ಹಿಂದೊಂದು ನಿಯತವಾದ ಸಾಲಿನಲ್ಲಿ ಬರುವುವು. ಚಿತ್ರಕ್ಕೆ ತಕ್ಕ ಬಣ್ಣವನ್ನು ಆರಿಸಲೆಂದು ಪರಿಪಾಲಕನು ಮೊದಲ ಪಂಕ್ತಿಯಲ್ಲಿ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಹೊಸದಾಗಿ ಕೇಳಿದನೆಂದಿಟ್ಟುಕೊಳ್ಳಿ. ಸಾಲೆಲ್ಲವೂ ಒಂದು ಸ್ಥಾನ ಸರಿಯುವುದು. ಸೋಮವಾರ ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ ಗುರುವಾರ ಉತ್ತರವನ್ನು ಒಪ್ಪಿಸುವ ವಿದ್ಯಾರ್ಥಿಗೆ ಆ ಹೊತ್ತಿಗೆ ಬೇರೆ ಪ್ರಶ್ನೆಯೇ ಎದುರಾಗಿರುವುದು. ಬದಲಾದುದು ಬಣ್ಣ ಮಾತ್ರವೆಂದು ಪರಿಪಾಲಕನು ತಿಳಿದಿರುವನು! ಹೊಸ ಸಂಖ್ಯೆಯನ್ನು ಕೇಳಲೇಬೇಕಾದರೆ ಎಲ್ಲಕ್ಕೂ ಕೊನೆಯಲ್ಲಿ ಕೇಳತಕ್ಕದ್ದು, ಅಭ್ಯಾಸದ ಅವಧಿ ಮುಗಿದ ಮೇಲೆಯೇ ತಿದ್ದತಕ್ಕದ್ದು.

ಇನ್ನು ಆಧಾರದ ಮಾತು. ವೆಬ್‌ವರ್ಕಿನ ಹಳೆಯ ಚಿತ್ರಗಳನ್ನು ‘ಜಿಡಿ’ ಎಂಬ ಅನ್ಯನಿರ್ಮಿತ ಸಾಧನವು ಬರೆಯುತ್ತಿತ್ತು. ಜಿಫ್ ಎಂಬ ಚಿತ್ರರೂಪದ ಸಂಕೋಚವಿಧಾನಕ್ಕೆ ಯೂನಿಸಿಸ್ ಸಂಸ್ಥೆಯ ಪೇಟೆಂಟ್ ಇದ್ದುದರಿಂದ, ಜಿಡಿಯು 1999ರಲ್ಲಿ ಜಿಫನ್ನು ಬಿಟ್ಟು ಪಿಎನ್‌ಜಿ ರೂಪವನ್ನು ಹಿಡಿಯಿತು. ಪೇಟೆಂಟುಗಳ ಅವಧಿ ತೀರಿದ ಬಳಿಕ 2004ರಲ್ಲಿ ಜಿಫ್ ಮರಳಿ ಬಂದಿತು. ಜಾವಾ ಆಪ್ಲೆಟ್ಟುಗಳನ್ನೂ ಫ್ಲ್ಯಾಶನ್ನೂ ನಂಬಿದ ಚಲಚ್ಚಿತ್ರಪ್ರಶ್ನೆಗಳು ಬೇರೆಯಿದ್ದುವು. ಜಾಲದರ್ಶಕಗಳು ಆಪ್ಲೆಟ್ಟನ್ನು ಒಂದೊಂದಾಗಿ ಕೈಬಿಟ್ಟುವು; ಫ್ಲ್ಯಾಶಿಗೆ 2020ರ ಡಿಸೆಂಬರ್ 31ರಂದು ಅವಸಾನವಾಯಿತು. ಗಣಿತವು ಕೆಡಲಿಲ್ಲ, ಅದು ಕುಳಿತಿದ್ದ ಮಣೆಯು ಮುರಿಯಿತು. ಈಗ ಪರದೆಯ ಮೇಲೆ ಜರ್ಮನಿಯ ಬೈರಾಯಿಟ್ ವಿಶ್ವವಿದ್ಯಾಲಯದವರ ಜೆಎಸ್‌ಎಕ್ಸ್‌ಗ್ರಾಫ್, ಅಚ್ಚಿಗೆ ಲ್ಯಾಟೆಕ್ಕಿನ ಟಿಕ್‌ಝಡ್, ಹೀಗೆ ಒಂದೇ ವಿಧಿವಾಕ್ಯದಿಂದ ಎರಡು ರೂಪಗಳನ್ನು ತೆಗೆಯುವ ಕ್ರಮವು ಬಂದಿದೆ. ಇದು ಮೆಚ್ಚತಕ್ಕದ್ದು. ಆದರೆ ಹಳೆಯ ಶಬ್ದಗಳಲ್ಲಿ ಬರೆದ ಸಾವಿರಾರು ಪ್ರಶ್ನೆಗಳನ್ನು ಒಬ್ಬನು ಕುಳಿತು ತಿದ್ದಲಾರನು. ಆದುದರಿಂದ ಸೂತ್ರವನ್ನು ಮುಟ್ಟದೆ ವೃತ್ತಿಯನ್ನು ಹೊಸದಾಗಿ ಬರೆಯಬೇಕು. ಎಂದರೆ ಪ್ರಶ್ನಕಾರನು ಬಳಸಿದ ಹಳೆಯ ಆಜ್ಞೆಯ ಹೆಸರೂ ಅರ್ಥವೂ ಹಾಗೆಯೇ ಇದ್ದು, ಅದರ ಒಳಗಿನ ಸಾಧನ ಮಾತ್ರ ಬದಲಾಗಬೇಕು. ಬದಲಾದ ಮೇಲೆ ನೂರಾರು ಬೀಜಗಳಿಗೆ ಹಳೆಯ ನ್ಯಾಸವನ್ನೂ ಹೊಸ ನ್ಯಾಸವನ್ನೂ ಎದುರೆದುರಾಗಿಟ್ಟು ನೋಡತಕ್ಕದ್ದು. ವೈದಿಕರು ಸಂಹಿತೆಯನ್ನು ಕ್ರಮಪಾಠದಿಂದಲೂ ಹೇಳಿ ಒರೆಹಚ್ಚುವುದು ಇಂಥ ಎಚ್ಚರಿಕೆಯೇ ಸರಿ.

ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದುದು ಚಿತ್ರದೊಳಗಣ ಅಕ್ಷರಗಳ ವಿಷಯ. ಜಿಡಿಯ ಒಳಗೇ ಇರುವ ಅಚ್ಚುಗಳು ರೋಮನ್ ಲಿಪಿಯವು. ಅವುಗಳಿಂದ ‘ತೊಗರಿ’ ಎಂದು ಬರೆಯಲಾಗದು. ಕನ್ನಡದ ಅಚ್ಚನ್ನು ಬೇರೆಯಾಗಿ ಒದಗಿಸಿದರೂ, ಒತ್ತಕ್ಷರವನ್ನು ಕೂಡಿಸುವ ಜ್ಞಾನವಿಲ್ಲದ ಸಾಧನವು ‘ಕ್ವಿಂಟಲ್’ ಎಂಬುದರ ಮೊದಲಕ್ಷರವನ್ನೇ ಕಕಾರ ವಕಾರಗಳಾಗಿ ಸೀಳಿಬಿಡುವುದು. ಜಾಲದರ್ಶಕವೇ ಅಕ್ಷರವನ್ನು ಬರೆಯುವಂತೆ ಬಿಟ್ಟರೆ ಈ ಸಂಕಟವಿಲ್ಲ. ಜೆಎಸ್‌ಎಕ್ಸ್‌ಗ್ರಾಫಿನ ದೊಡ್ಡ ಗುಣ ನಮಗೆ ಇದೇ. ಅಚ್ಚಿನ ರೂಪಕ್ಕಾದರೋ ಹಳೆಯ ಪಿಡಿಎಫ್‌ಲ್ಯಾಟೆಕ್ಕನ್ನು ಬಿಟ್ಟು ಝೀಲ್ಯಾಟೆಕ್ಕನ್ನೋ ಲುವಾಲ್ಯಾಟೆಕ್ಕನ್ನೋ ಹಿಡಿಯಬೇಕು. ಆಳಂದ, ಅಫಜಲಪುರಗಳು ಮಹಾರಾಷ್ಟ್ರದ ಗಡಿಯವು. ಕನ್ನಡದೊಡನೆ ಮರಾಠಿಯೂ ಉರ್ದುವೂ ಅಲ್ಲಿಯ ಮನೆಮಾತುಗಳು. ಭೀಮಾನದಿಯ ನೀರಿನ ಮಟ್ಟವನ್ನು ತಿಂಗಳುತಿಂಗಳಿಗೆ ತೋರಿಸುವ ಒಂದೇ ಚಿತ್ರಕ್ಕೆ ಮೂರು ಭಾಷೆಯ ಹೆಸರುಗಳು ಬೇಕಾಗಬಹುದು. ಉರ್ದು ಬರಹವು ಬಲದಿಂದ ಎಡಕ್ಕೆ ಹರಿಯುವುದರಿಂದ, ಎಡತುದಿಗೆ ಕಟ್ಟಿದ ಹೆಸರು ಅಕ್ಷದ ಮೇಲೆ ಬಿದ್ದು ಅಂಕೆಗಳನ್ನು ಮುಚ್ಚೀತು. ಆದುದರಿಂದ ರೇಖೆಯ ವಿಧಿಯೊಳಗೆ ಭಾಷೆಯ ಶಬ್ದವನ್ನು ಬೆರಸದೆ, ಹೆಸರುಗಳನ್ನು ಬೇರೆ ಪಟ್ಟಿಯಲ್ಲಿ ಇರಿಸುವುದೇ ಯುಕ್ತವೆಂದು ನನ್ನ ಮತ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇರಲಾಗಿ, ಇಂಥ ಪಟ್ಟಿಗಳನ್ನು ಸಿದ್ಧಮಾಡಬಲ್ಲವರನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಕಣ್ಣು ಕಾಣದ ವಿದ್ಯಾರ್ಥಿಗಾಗಿ ಪ್ರತಿ ಚಿತ್ರಕ್ಕೂ ಒಂದು ವಿವರಣವಾಕ್ಯವನ್ನು ಕಟ್ಟುವ ವಾಡಿಕೆಯುಂಟು. ಯಂತ್ರವು ಅದನ್ನು ಗಟ್ಟಿಯಾಗಿ ಓದುವುದು. ಇದೂ ನ್ಯಾಸದ ಅಂಗವೇ, ಇದನ್ನೂ ಬೀಜಕ್ಕೆ ತಕ್ಕಂತೆ ಹುಟ್ಟಿಸಬೇಕು. ‘ಒಂದು ವಕ್ರರೇಖೆ’ ಎಂದಷ್ಟೇ ಹೇಳಿದರೆ ಕೇಳುವವನಿಗೆ ಏನೂ ತಿಳಿಯದು; ‘3ರಲ್ಲಿ ಶೀರ್ಷವುಳ್ಳ ಪರವಲಯ’ ಎಂದರೆ, ಶೀರ್ಷವೆಲ್ಲಿಯೆಂಬುದೇ ಪ್ರಶ್ನೆಯಾಗಿರುವಲ್ಲಿ, ಉತ್ತರವನ್ನೇ ಹೇಳಿಬಿಟ್ಟಂತಾಯಿತು. ರೇಖೆಯು ಹಾದುಹೋಗುವ ಮೂರು ಬಿಂದುಗಳನ್ನು ಹೇಳಿ, ಶೀರ್ಷವನ್ನು ಅವನೇ ಗಣಿಸುವಂತೆ ಬಿಡುವುದು ಸರಿಯಾದ ಮಾರ್ಗ. ಆ ಮೂರರಲ್ಲಿ ಶೀರ್ಷವೇ ಒಂದಾಗದಂತೆ ವಿಧಿಯು ನೋಡಿಕೊಳ್ಳತಕ್ಕದ್ದು.