ಈ ಕಲ್ಲಿನ ಕಮಾನನ್ನು ಕೊರೆದದ್ದು ಗಾಳಿಯೇ? ಅಲ್ಲಿಗೆ ಮನೆಮಂದಿಯೊಂದಿಗೆ ನಡೆದು ಹೋಗುವ ಮುನ್ನ ತಿಳಿದಿರಬೇಕಾದ್ದು

ನೀಲಿ ಆಕಾಶದ ಕೆಳಗೆ ಬೋಳು ಬಂಡೆಯ ಅಂಚಿನಲ್ಲಿ ಒಂಟಿಯಾಗಿ ನಿಂತ ಕೆಂಪು ಕಲ್ಲಿನ ಕಮಾನು. ಈ ಫೋಟೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ: ಲಕ್ಷಾಂತರ ವರ್ಷ ಮರುಭೂಮಿಯ ಗಾಳಿ ಬೀಸಿ ಬೀಸಿ ಕೊರೆದ ಅದ್ಭುತ! ಬೇಸಿಗೆ ಬಂತೆಂದರೆ ಅದೇ ಗ್ರೂಪಿನಲ್ಲಿ ಇನ್ನೊಂದು ಸಂದೇಶವೂ ಓಡಾಡುತ್ತದೆ: ಬಿಸಿಲಲ್ಲಿ ನಡೆದು ಬಂದವರು ಕೂಡಲೇ ತಣ್ಣೀರು ಕುಡಿದರೆ ರಕ್ತನಾಳ ಒಡೆದುಹೋಗುತ್ತದೆ, ಎಚ್ಚರ!

ಎರಡೂ ತಪ್ಪು. ಮೊದಲನೆಯದರಿಂದ ಯಾರಿಗೂ ನಷ್ಟವಿಲ್ಲ. ಎರಡನೆಯದನ್ನು ನಂಬಿದರೆ ಜೀವಕ್ಕೇ ಅಪಾಯ, ಅದರಲ್ಲೂ ಈ ಕಮಾನಿನ ದಾರಿಯಂಥ ಜಾಗದಲ್ಲಿ.

ಫೋಟೊದಲ್ಲಿರುವುದು ಡೆಲಿಕೇಟ್ ಆರ್ಚ್. ಅಮೆರಿಕದ ಯೂಟಾ ರಾಜ್ಯದ ಮೋಯಾಬ್ ಊರಿನ ಹತ್ತಿರ ಇರುವ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿದೆ. ಯೂಟಾದ ವಾಹನಗಳ ನಂಬರ್ ಪ್ಲೇಟಿನ ಮೇಲೂ ಇದರದೇ ಚಿತ್ರ. ಕಮಾನಿನ ಕಂಡಿ ಸುಮಾರು 14 ಮೀಟರ್ ಎತ್ತರ, 10 ಮೀಟರ್ ಅಗಲ, ಅಂದರೆ ನಾಲ್ಕು ಮಹಡಿಯ ಮನೆ ಒಳಗೆ ನಿಲ್ಲುವಷ್ಟು. ಈ ಒಂದೇ ಉದ್ಯಾನದಲ್ಲಿ 2,000ಕ್ಕೂ ಹೆಚ್ಚು ಕಮಾನುಗಳನ್ನು ಗುರುತಿಸಿದ್ದಾರೆ. ತಿರುಮಲಕ್ಕೆ ಹೋದವರು ಅಲ್ಲಿನ ಶಿಲಾತೋರಣ ನೋಡಿರುತ್ತೀರಿ. ಅದೂ ಪ್ರಕೃತಿಯೇ ಮಾಡಿದ ಕಮಾನು, ಆದರೆ ಅದರ ಕಲ್ಲು ಬೇರೆ, ಎತ್ತರ ಬರೀ 3 ಮೀಟರ್.

ಹಾಗಾದರೆ ಇದನ್ನು ಕೊರೆದವರು ಯಾರು? ನೀರು. ಮರುಭೂಮಿಯಲ್ಲಿ ನೀರೆಲ್ಲಿ ಬಂತು ಎಂದು ಕೇಳಬಹುದು. ಅಲ್ಲಿ ವರ್ಷಕ್ಕೆ 200ರಿಂದ 250 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ ಅಷ್ಟು ಸುರಿದರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಕಮಾನು ಮಾಡಲು ಅಷ್ಟೇ ಸಾಕು.

ಕತೆ ಶುರುವಾಗುವುದು ಉಪ್ಪಿನಿಂದ. ಸುಮಾರು 30 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಸಮುದ್ರ ಮತ್ತೆ ಮತ್ತೆ ಬತ್ತಿ ದಪ್ಪನೆಯ ಉಪ್ಪಿನ ಹಾಸು ಉಳಿಯಿತು. ಅದರ ಮೇಲೆ ಮಣ್ಣು ಮರಳು ಪದರ ಪದರವಾಗಿ ಕೂತು ಕಲ್ಲಾಯಿತು. ಮೇಲಿನ ಭಾರಕ್ಕೆ ಉಪ್ಪು ಗಟ್ಟಿಯಾಗಿ ನಿಲ್ಲುವುದಿಲ್ಲ, ಬಹಳ ನಿಧಾನವಾಗಿ ಹರಿಯುತ್ತದೆ. ಕೆಳಗಿನ ಉಪ್ಪು ಜರುಗಿ ಉಬ್ಬಿದಾಗ ಮೇಲಿನ ಮರಳುಗಲ್ಲು ಬಾಗಿ, ಒಂದರ ಪಕ್ಕ ಒಂದು ಉದ್ದುದ್ದ ಬಿರುಕು ಬಿಟ್ಟಿತು. ಬಿರುಕುಗಳು ಸವೆದು ಅಗಲವಾಗುತ್ತಾ ಹೋದಂತೆ, ನಡುವೆ ಬ್ರೆಡ್ ಸ್ಲೈಸುಗಳನ್ನು ನಿಲ್ಲಿಸಿದ ಹಾಗೆ ತೆಳ್ಳನೆಯ ಕಲ್ಲಿನ ಗೋಡೆಗಳು ಉಳಿದವು.

ಮರಳುಗಲ್ಲು ಎಂದರೆ ಮರಳಿನ ಕಾಳುಗಳನ್ನು ಸುಣ್ಣದ ಅಂಶ ಅಂಟಿಸಿ ಹಿಡಿದಿರುವ ಕಲ್ಲು. ಮಳೆನೀರಿನಲ್ಲಿ ಸ್ವಲ್ಪ ಆಮ್ಲದ ಗುಣ ಇರುತ್ತದೆ. ಅದು ಒಳಗೆ ಜಿನುಗಿ ಆ ಅಂಟನ್ನು ಕರಗಿಸುತ್ತದೆ. ಚಳಿಗಾಲದಲ್ಲಿ ಬಿರುಕಿನ ನೀರು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾದ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ, ಕಲ್ಲನ್ನು ಬೆಣೆ ಹೊಡೆದಂತೆ ಸೀಳುತ್ತದೆ. ಹೀಗೆ ಗೋಡೆಯ ಮೆತ್ತನೆಯ ಭಾಗ ಉದುರಿ ಕಂಡಿ ಬಿದ್ದರೆ ಕಮಾನು. ಸಡಿಲವಾದ ಮರಳನ್ನು ಗಾಳಿ ಗುಡಿಸಿಕೊಂಡು ಹೋಗುತ್ತದೆ ನಿಜ. ಆದರೆ ಅದು ಕಸ ತೆಗೆದವನ ಕೆಲಸ, ಶಿಲ್ಪಿಯದಲ್ಲ.

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲ ಉದುರುವಾಗ ಕಮಾನು ಮಾತ್ರ ಯಾಕೆ ನಿಲ್ಲುತ್ತದೆ? ಚೆಕ್ ಗಣರಾಜ್ಯದ ಯಿರ್ಜಿ ಬ್ರುಥನ್ಸ್ ಮತ್ತು ಸಂಗಡಿಗರು 2014ರಲ್ಲಿ ನೇಚರ್ ಜಿಯೋಸೈನ್ಸ್ ಪತ್ರಿಕೆಯಲ್ಲಿ ಇದಕ್ಕೆ ಸೊಗಸಾದ ಉತ್ತರ ಕೊಟ್ಟರು. ಸುಲಭವಾಗಿ ಉದುರುವ ಮರಳುಗಲ್ಲಿನ ತುಂಡಿನ ಮೇಲೆ ಭಾರ ಹೇರಿ ನೀರಿನಿಂದ ಸವೆಸಿದರು. ಎಲ್ಲಿ ಭಾರದ ಒತ್ತಡ ಹೆಚ್ಚೋ ಅಲ್ಲಿ ಮರಳಿನ ಕಾಳುಗಳು ಒಂದಕ್ಕೊಂದು ಬಿಗಿದುಕೊಂಡು ಸವೆತ ಬಹಳ ಕಡಿಮೆಯಾಯಿತು. ಭಾರ ಹೊರದ ಭಾಗ ಉದುರಿಹೋಯಿತು. ಹೊರೆ ಹೊತ್ತದ್ದು ಉಳಿಯಿತು, ಕಮಾನು, ಕಂಬಗಳ ಆಕಾರದಲ್ಲಿ.

ಶಾಶ್ವತವಾಗಿ ಅಲ್ಲ. 1991ರಲ್ಲಿ ಅದೇ ಉದ್ಯಾನದ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ ಸುಮಾರು 18 ಮೀಟರ್ ಉದ್ದದ ಚಪ್ಪಡಿ ಕಳಚಿ ಬಿತ್ತು. 2008ರ ಆಗಸ್ಟಿನ ಒಂದು ರಾತ್ರಿ ವಾಲ್ ಆರ್ಚ್ ಪೂರ್ತಿ ಕುಸಿಯಿತು. ಆದರೆ "ಡೆಲಿಕೇಟ್ ಆರ್ಚ್ ಮುಂದಿನ ವರ್ಷ ಬೀಳಲಿದೆ" ಎಂದು ದಿನಾಂಕ ಹಾಕಿ ಬರುವ ಸಂದೇಶಕ್ಕೆ ಯಾವ ಆಧಾರವೂ ಇಲ್ಲ. ಅಂಥ ಲೆಕ್ಕ ಹಾಕುವ ವಿಧಾನ ಯಾರ ಹತ್ತಿರವೂ ಇಲ್ಲ.

ಈಗ ನಡಿಗೆಯ ವಿಷಯ. ಮಗನ ಮನೆಗೋ ಮಗಳ ಮನೆಗೋ ಅಮೆರಿಕಕ್ಕೆ ಹೋಗುವ ನಮ್ಮ ಅಪ್ಪ-ಅಮ್ಮಂದಿರು, ಶಾಲೆಗೆ ರಜೆ ಸಿಕ್ಕ ಮಕ್ಕಳು, ಎಲ್ಲ ಸೇರಿ ಇಂಥ ಜಾಗಕ್ಕೆ ಹೊರಡುವುದು ಹೆಚ್ಚಾಗಿ ಬೇಸಿಗೆಯಲ್ಲೇ. ವುಲ್ಫ್ ರಾಂಚ್ ಎಂಬಲ್ಲಿ ಕಾರು ನಿಲ್ಲಿಸಿ ಹೊರಟರೆ ಹೋಗಿ ಬರಲು 4.8 ಕಿಲೋಮೀಟರ್, ಏರು 146 ಮೀಟರ್. ಕೇಳಿದರೆ "ಇಷ್ಟೇನಾ, ಚಾಮುಂಡಿ ಬೆಟ್ಟ ಹತ್ತಿದವರು ನಾವು" ಅನಿಸುತ್ತದೆ. ಅಲ್ಲೇ ಮೋಸ ಹೋಗುವುದು. ದಾರಿಯ ಬಹುಭಾಗ ಬೋಳು ಬಂಡೆ. ಮರವಿಲ್ಲ, ನೆರಳಿಲ್ಲ, ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ಕೊನೆಗೆ ಬಂಡೆಯ ಪಕ್ಕದ ಕಿರಿದಾದ ಅಂಚಿನ ಮೇಲೆ ನಡೆಯಬೇಕು, ಮಕ್ಕಳ ಕೈ ಹಿಡಿದೇ. ಬೇಸಿಗೆಯಲ್ಲಿ 38 ಡಿಗ್ರಿ ದಾಟುವುದು ಮಾಮೂಲು. ಒಬ್ಬೊಬ್ಬರಿಗೂ ಕನಿಷ್ಠ 2 ಲೀಟರ್ ನೀರು ಒಯ್ಯಿರಿ ಎನ್ನುತ್ತದೆ ಉದ್ಯಾನದ ಆಡಳಿತ. ಇಡೀ ಕುಟುಂಬಕ್ಕೆ 2 ಲೀಟರ್ ಅಲ್ಲ.

ಮಂಗಳೂರಿನ ಸೆಕೆಯಲ್ಲಿ ಅಂಗಿ ಬೆನ್ನಿಗೆ ಅಂಟುತ್ತದೆ, ಬೆವರಿದ್ದು ಗೊತ್ತಾಗುತ್ತದೆ. ಯೂಟಾದ ಒಣ ಗಾಳಿಯಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ. "ನಂಗೆ ಬೆವರೇ ಬಂದಿಲ್ಲ, ನೀರು ಬೇಡ" ಎನ್ನುವ ಅಜ್ಜನ ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಬೇಕು. ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತದೆ, ಆಟದ ಗುಂಗಿನಲ್ಲಿ ಅವರು ನೀರು ಕೇಳುವುದೂ ಇಲ್ಲ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಸರಿಯಲ್ಲ, ರಕ್ತದಲ್ಲಿ ಸೋಡಿಯಂ ಕುಸಿಯಬಹುದು. ಜೊತೆಗೆ ಉಪ್ಪಿರುವ ತಿಂಡಿ ಬೇಕು. ಊರಿಂದ ತಂದ ಕೋಡುಬಳೆ, ಚಕ್ಕುಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನಮಗಂತೂ ತೋಚುತ್ತಿಲ್ಲ.

2024ರ ಜುಲೈನಲ್ಲಿ ಪಕ್ಕದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ತಂದೆ ಮತ್ತು ಮಗಳು ದಾರಿ ತಪ್ಪಿದರು. ನೀರು ಮುಗಿದಿತ್ತು, ಬಿಸಿಲು 38 ಡಿಗ್ರಿ ದಾಟಿತ್ತು. ಸಹಾಯಕ್ಕೆ ಮೆಸೇಜ್ ಕಳಿಸಿದ್ದರು. ರಕ್ಷಣಾ ತಂಡ ತಲುಪುವ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು.

ಈಗ ತಣ್ಣೀರಿನ ಫಾರ್ವರ್ಡ್‌ಗೆ ಬರೋಣ. ಬಿಸಿಲಲ್ಲಿ ಬಂದವರು ತಣ್ಣೀರು ಕುಡಿದರೆ, ಕೈಕಾಲಿಗೆ ಹಾಕಿಕೊಂಡರೆ ರಕ್ತನಾಳ ಒಡೆಯುವುದಿಲ್ಲ. ಗಟಗಟನೆ ಕುಡಿದರೆ ಹೊಟ್ಟೆ ಹಿಡಿದಂತಾಗಬಹುದು, ಅಷ್ಟೇ. ಸುಸ್ತು, ತಲೆನೋವು, ವಾಕರಿಕೆ ಶುರುವಾದರೆ ಬಂಡೆಯ ನೆರಳೋ ಕೊಡೆಯ ನೆರಳೋ ಹುಡುಕಿ ಕೂರಿಸಿ, ಗುಟುಕು ಗುಟುಕಾಗಿ ಕುಡಿಸಿ, ಅಲ್ಲಿಂದಲೇ ವಾಪಸಾಗಿ. ಮಾತು ತೊದಲಿದರೆ, ಗಲಿಬಿಲಿಯಾದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ, ದೇಹದ ಒಳಗಿನ ಶಾಖ 40 ಡಿಗ್ರಿ ದಾಟಿರುವ ಸಾಧ್ಯತೆ ಹೆಚ್ಚು. ಆಗ 911ಕ್ಕೆ ಕರೆ ಮಾಡಿ, ಕಾಯುತ್ತಾ ಕೂರದೆ ತಂಪು ಮಾಡಲು ಶುರುಮಾಡಬೇಕು. ಇರುವ ನೀರನ್ನು ಮೈಮೇಲೆ ಸುರಿದು, ಬಟ್ಟೆ ಒದ್ದೆ ಮಾಡಿ, ಗಾಳಿ ಹಾಕಿ. ನೀರು ತಣ್ಣಗಿದ್ದಷ್ಟೂ ಒಳ್ಳೆಯದು. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಇಲ್ಲಿ ಒಂದೊಂದು ನಿಮಿಷವೂ ಲೆಕ್ಕ. "ಮೊದಲು ಮೈ ತಾನಾಗಿ ತಣಿಯಲಿ, ಆಮೇಲೆ ನೀರು" ಎಂದು ಕಾದರೆ ಮೆದುಳಿಗೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಬೇಸಿಗೆಯಲ್ಲಿ ಹೋಗಲೇಬೇಕಿದ್ದರೆ ಬೆಳಕು ಹರಿಯುವ ಹೊತ್ತಿಗೇ ಹತ್ತಲು ಶುರುಮಾಡಿ. ಹೋಗಿ ಬರಲು ಎರಡು ಮೂರು ಗಂಟೆ ಹಿಡಿಯುತ್ತದೆ. ಸೂರ್ಯಾಸ್ತ ನೋಡುವ ಆಸೆಯಿದ್ದರೆ ಟಾರ್ಚ್ ಬೇಕು, ಆ ಕಿರಿದಾದ ಅಂಚನ್ನು ಕತ್ತಲಲ್ಲಿ ಇಳಿಯಬೇಕಾಗುತ್ತದೆ. ಅರ್ಧ ದಾರಿಯಲ್ಲಿ ನೀರು ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿದ್ದರೆ ಮುಂದೆ ಹೋಗಬೇಡಿ. ಮಂಡಿನೋವಿನ ಅಜ್ಜಿಗೂ ಕಮಾನು ನೋಡುವ ದಾರಿ ಇದೆ. ವುಲ್ಫ್ ರಾಂಚ್ ದಾಟಿ ಕಾರಿನಲ್ಲೇ ಸ್ವಲ್ಪ ಮುಂದೆ ಹೋದರೆ ಕೆಳಗಿನ ವೀಕ್ಷಣಾ ಸ್ಥಳ ಸಿಗುತ್ತದೆ. ಅಲ್ಲಿ ನಡೆಯಬೇಕಾದ್ದು ಸಮತಟ್ಟಾದ ನೂರು ಹೆಜ್ಜೆಯಷ್ಟು. ಕಮಾನು ಒಂದೂವರೆ ಕಿಲೋಮೀಟರಿನಷ್ಟು ದೂರದಲ್ಲಿ, ಗುಡ್ಡದ ಅಂಚಿನಲ್ಲಿ ಚಿಕ್ಕದಾಗಿ ಕಾಣುತ್ತದೆ. ದುರ್ಬೀನು ಇದ್ದರೆ ಒಯ್ಯಿರಿ.