ಕ್ಯಾಸೆಟ್ ಕಾಯುವುದಿಲ್ಲ

ಹಳೆಯ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಅನೇಕರಿಗೆ ಎದುರಾಗುವ ತೊಂದರೆ ಒಂದಿದೆ. ತಾಳಿ ಕಟ್ಟುವ ಹೊತ್ತಿಗೆ ಚಿತ್ರ ತಟಕ್ಕನೆ ಜಿಗಿಯುತ್ತದೆ. ಆರತಕ್ಷತೆಗೆ ಬರುವಷ್ಟರಲ್ಲಿ ತುಟಿಯ ಚಲನೆಗೂ ಮಾತಿಗೂ ತಾಳೆಯೇ ಇರುವುದಿಲ್ಲ. ನಡುವೆ ಕೆಲವು ಫ್ರೇಮುಗಳು ಬಿಟ್ಟುಹೋಗಿವೆ. ಕಂಪ್ಯೂಟರಿಗೆ ವೇಗ ಸಾಲದು ಎಂದುಕೊಂಡು ಹೊಸದನ್ನು ಕೊಳ್ಳಲು ಹೊರಡುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿದರೆ ಕಾರಣ ಬೇರೆಯೇ ಇದೆ.

ನಮ್ಮ ದೇಶದ ಟಿವಿ ಮತ್ತು ಕ್ಯಾಸೆಟ್ಟುಗಳು ಬಳಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಅಂದರೆ 40 ಮಿಲಿಸೆಕೆಂಡಿಗೊಂದು. ಒಂದು ಫ್ರೇಮಿನಲ್ಲಿ 720×576 ಬಿಂದುಗಳು. ಬಿಂದುವಿಗೆ 2 ಬೈಟ್ ಹಿಡಿದರೆ ಒಂದು ಫ್ರೇಮಿಗೆ 8,29,440 ಬೈಟ್. ಕುಗ್ಗಿಸದೆ ಉಳಿಸಿದರೆ ಸೆಕೆಂಡಿಗೆ ಸುಮಾರು 21 ಮೆಗಾಬೈಟ್, ಗಂಟೆಗೆ ಸುಮಾರು 75 ಗಿಗಾಬೈಟ್. ಇಂದಿನ ಸಾಧಾರಣ ಹಾರ್ಡ್‌ಡಿಸ್ಕ್ ಕೂಡ ಸೆಕೆಂಡಿಗೆ 100 ಮೆಗಾಬೈಟ್ ಬರೆಯಬಲ್ಲದು. ವೇಗ ಬೇಕಾದಷ್ಟಿದೆ.

ಆದರೆ ಆ 100 ಸರಾಸರಿ ಲೆಕ್ಕ. ಆಂಟಿವೈರಸ್ ತಪಾಸಣೆಗೆ ಇಳಿಯಿತು, ಅಪ್‌ಡೇಟ್ ಶುರುವಾಯಿತು ಎಂದರೆ ಡಿಸ್ಕ್ ಅರ್ಧ ಸೆಕೆಂಡ್ ಬೇರೆ ಕೆಲಸದಲ್ಲಿ ಮುಳುಗಬಹುದು. ಫೈಲ್ ನಕಲು ಮಾಡುವಾಗಲಾದರೆ ಅರ್ಧ ಸೆಕೆಂಡ್ ತಡವಾಗುತ್ತದೆ, ಅಷ್ಟೇ. ಓಡುತ್ತಿರುವ ಕ್ಯಾಸೆಟ್ ಮಾತ್ರ ಕಾಯುವುದಿಲ್ಲ. ಅಷ್ಟರಲ್ಲಿ 12 ಫ್ರೇಮುಗಳು ಬಂದು ನಿಂತಿರುತ್ತವೆ. ಅವುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿಯ ಭಾಗವೇ ಬಫರ್. ಅದು ಮನೆಯ ಸಂಪಿನ ಹಾಗೆ: ನಲ್ಲಿ ನೀರು ತನ್ನ ಪಾಡಿಗೆ ಬರುತ್ತಿರುತ್ತದೆ, ಕರೆಂಟ್ ಹೋಗಿ ಮೋಟರ್ ನಿಂತರೆ ಸಂಪು ತುಂಬುತ್ತದೆ, ತುಂಬಿದ ಮೇಲೆ ಬಂದದ್ದು ಚರಂಡಿಗೆ. ಬಫರ್ ತುಂಬಿದ ಮೇಲೆ ಬಂದ ಫ್ರೇಮಿಗೂ ಅದೇ ಗತಿ. ಸೆರೆಹಿಡಿಯುತ್ತಲೇ ಎಚ್.264 ಎಂಬ ವಿಧಾನದಲ್ಲಿ ಕುಗ್ಗಿಸಲು ಹೊರಟರೆ ಪ್ರೊಸೆಸರಿನ ಮೇಲೂ ಇದೇ 40 ಮಿಲಿಸೆಕೆಂಡಿನ ಗಡುವು ಬೀಳುತ್ತದೆ.

ಕಂಪ್ಯೂಟರಿನ ತಪ್ಪೇ ಇಲ್ಲದೆಯೂ ಫ್ರೇಮ್ ಹೋಗಬಹುದು. ಪ್ರತಿ ಫ್ರೇಮ್ ಎಲ್ಲಿ ಶುರುವಾಗುತ್ತದೆ ಎಂದು ತಿಳಿಸುವ ಸಿಂಕ್ ಸಂಕೇತ ಟೇಪಿನಲ್ಲೇ ಇರುತ್ತದೆ. ಟೇಪ್ ಸುಕ್ಕಾಗಿದ್ದರೆ, ಹಿಗ್ಗಿದ್ದರೆ ಅದು ಏರುಪೇರಾಗುತ್ತದೆ. ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡಿಗೆ ಫ್ರೇಮಿನ ಗುರುತೇ ಸಿಗುವುದಿಲ್ಲ. ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಹೀಗೆ ತಡವರಿಸುವ ಚಿತ್ರವನ್ನು ತನ್ನ ಮೆಮೊರಿಯಲ್ಲಿ ಹಿಡಿದು, ಸಮನಾದ ಲಯದಲ್ಲಿ ಮುಂದಕ್ಕೆ ಕಳಿಸುತ್ತದೆ.

ಮೂರನೆಯ ಕಾರಣ ಗಡಿಯಾರಗಳ ಜಗಳ. ಚಿತ್ರ ಕ್ಯಾಪ್ಚರ್ ಕಾರ್ಡಿನಿಂದ, ಧ್ವನಿ ಕಂಪ್ಯೂಟರಿನ ಸೌಂಡ್ ಕಾರ್ಡಿನಿಂದ ಬಂದರೆ ಎರಡಕ್ಕೂ ಬೇರೆ ಬೇರೆ ಸ್ಫಟಿಕದ ಗಡಿಯಾರ. ಅವುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಗೆ 0.18 ಸೆಕೆಂಡ್, ಅಂದರೆ ನಾಲ್ಕೂವರೆ ಫ್ರೇಮ್ ಅಂತರ. ಅದನ್ನು ಸರಿದೂಗಿಸಲು ಕೆಲವು ಸಾಫ್ಟ್‌ವೇರುಗಳು ತಾವೇ ಫ್ರೇಮ್ ಬಿಡುತ್ತವೆ, ಇಲ್ಲವೇ ಒಂದನ್ನೇ ಎರಡು ಸಲ ಹಾಕುತ್ತವೆ.

ತಪ್ಪು ಯಾರದೆಂದು ಪತ್ತೆಹಚ್ಚಲು ಸುಲಭ ದಾರಿಯಿದೆ. ಅದೇ ತುಣುಕನ್ನು ಮತ್ತೊಮ್ಮೆ ಸೆರೆಹಿಡಿಯಿರಿ. ಚಿತ್ರ ಅದೇ ಜಾಗದಲ್ಲಿ ಜಿಗಿದರೆ ದೋಷ ಟೇಪಿನದು ಅಥವಾ ಅದರ ಸಿಂಕಿನದು. ಬೇರೆ ಬೇರೆ ಕಡೆ ಜಿಗಿದರೆ ಕಂಪ್ಯೂಟರಿನದು. ಸಮಾನ ಅಂತರದಲ್ಲಿ ಒಂದೊಂದೇ ಫ್ರೇಮ್ ಹೋಗುತ್ತಿದ್ದರೆ ಗಡಿಯಾರಗಳನ್ನು ಅನುಮಾನಿಸಬೇಕು. ಕಂಪ್ಯೂಟರಿನ ದೋಷಕ್ಕೆ ಮದ್ದು ಸರಳ: ವಿಂಡೋಸ್ ಇರುವ ಡಿಸ್ಕನ್ನು ಬಿಟ್ಟು ಬೇರೊಂದು ಡಿಸ್ಕಿಗೆ ಬರೆಯಿರಿ, ಇಂಟರ್ನೆಟ್ ತಪ್ಪಿಸಿ, ಗುಣಮಟ್ಟ ಕಳೆಯದ ಹಫ್‌ವೈಯುವಿಯಂಥ ಹಗುರ ಕೋಡೆಕ್ಕಿನಲ್ಲಿ ಉಳಿಸಿ, ಕುಗ್ಗಿಸುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡಿ.

ಇಷ್ಟು ಜಾಗ್ರತೆ ಏಕೆಂದರೆ ಟೇಪ್ ಪ್ರತಿ ಸಲ ಓಡಿದಾಗಲೂ ಸ್ವಲ್ಪ ಸವೆಯುತ್ತದೆ. ಕ್ಯಾಸೆಟ್ ಓಡಿಸುವ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಆ ಕೆಲಸವನ್ನು ಕೈಬಿಟ್ಟಿತು. ಈಗ ಉಳಿದಿರುವುದು ಹಳೆಯ ಯಂತ್ರಗಳು ಮಾತ್ರ. ಆದ್ದರಿಂದ ಮೊದಲು ಬೇಡವಾದ ಕ್ಯಾಸೆಟ್ಟೊಂದರಲ್ಲಿ ಪರೀಕ್ಷೆ ಮಾಡಿ, ಒಂದು ಫ್ರೇಮೂ ಬಿಟ್ಟುಹೋಗುತ್ತಿಲ್ಲ ಎಂದು ಖಚಿತವಾದ ಮೇಲೆಯೇ ಮನೆಯ ಕ್ಯಾಸೆಟ್ಟಿಗೆ ಕೈ ಹಾಕಿ.