ಕಿವಿಯ ಮುಂದಿನ ಕೀಲು

ಕಿವಿನೋವೆಂದು ಇಎನ್‌ಟಿ ವೈದ್ಯರ ಬಳಿಗೆ ಹೋದ ಕೆಲವರ ಕಿವಿಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ನೋವಂತೂ ನಿಜ. ಅದು ಹುಟ್ಟುವುದು ಕಿವಿಯಿಂದ ಬೆರಳಗಲ ಮುಂದಿರುವ ದವಡೆಯ ಕೀಲಿನಲ್ಲಿ, ಇಲ್ಲವೇ ಅದನ್ನು ಆಡಿಸುವ ಸ್ನಾಯುಗಳಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟೆನ್ 1934ರಲ್ಲಿ ಈ ನಂಟಿನ ಬಗ್ಗೆ ಬರೆದರು. ಅವರೂ ಕಿವಿ, ಮೂಗು, ಗಂಟಲಿನ ವೈದ್ಯರೇ. ಹಲ್ಲು ಬಿದ್ದು ದವಡೆ ಅತಿಯಾಗಿ ಮುಚ್ಚಿಕೊಳ್ಳುವುದೇ ಕಾರಣವೆಂಬ ಅವರ ವಿವರಣೆ ಮುಂದೆ ನಿಲ್ಲಲಿಲ್ಲ. ಹಲ್ಲಿನ ಹೊಂದಾಣಿಕೆಯನ್ನು ದೂರುವ ರೂಢಿ ಮಾತ್ರ ಬಹುಕಾಲ ಉಳಿಯಿತು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ. ಕೀಲು ಮೊದಲು ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ. ಎರಡು ಮೂಳೆಗಳ ನಡುವೆ ಒಂದು ತೆಳು ಬಿಲ್ಲೆಯಿದೆ. ಅದು ಜಾಗ ತಪ್ಪಿ ಮತ್ತೆ ಕೂತಾಗ ‘ಟಕ್’ ಎನ್ನುತ್ತದೆ. ನೋವಿಲ್ಲದ ಆ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ಬಿಲ್ಲೆ ಅಡ್ಡ ಸಿಕ್ಕಿಕೊಂಡರೆ ಬಾಯಿ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಹೆಚ್ಚಿನವರ ನೋವು ಸ್ನಾಯುಗಳದು: ನಿದ್ದೆಯಲ್ಲಿ ಹಲ್ಲು ಕಡಿಯುವುದು, ಚಿಂತೆಯಲ್ಲಿ ಹಲ್ಲು ಬಿಗಿಹಿಡಿದು ಕೂರುವುದು, ನಿದ್ದೆಗೆಡುವುದು ಎಲ್ಲವೂ ಅದಕ್ಕೆ ಸೇರುತ್ತವೆ.

ಆತುರದ ಚಿಕಿತ್ಸೆಯ ಕಥೆ ಕಹಿಯಾದುದು. 1980ರ ದಶಕದಲ್ಲಿ ಅಮೆರಿಕದಲ್ಲಿ ಬಿಲ್ಲೆ ತೆಗೆದು ಆ ಜಾಗದಲ್ಲಿ ವೈಟೆಕ್ ಕಂಪನಿಯ ಟೆಫ್ಲಾನ್ ಬಳಸಿದ ಕೃತಕ ಬಿಲ್ಲೆ ಕೂರಿಸಿದರು. ಜಗಿಯುವ ಒತ್ತಡಕ್ಕೆ ಅದು ಪುಡಿಯಾಯಿತು. ಆ ಕಣಗಳ ವಿರುದ್ಧ ದೇಹ ತಿರುಗಿಬಿದ್ದು ಸುತ್ತಲಿನ ಮೂಳೆಯೇ ಕರಗಿತು. 1990ರ ಕೊನೆಯಲ್ಲಿ ಅಲ್ಲಿನ ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸುವಷ್ಟರಲ್ಲಿ ಬಹಳ ಜನ, ಅದರಲ್ಲೂ ಹೆಂಗಸರು, ನೊಂದಾಗಿತ್ತು.

ಇಂದಿನ ಚಿಕಿತ್ಸೆ ಸಾವಧಾನದ್ದು. ಕೆಲವು ವಾರ ಚಕ್ಕುಲಿ, ಕಬ್ಬು ಬಿಟ್ಟು ಮೆತ್ತಗಿನ ಊಟ, ಬಿಸಿ ಶಾಖ, ಆಕಳಿಸುವಾಗ ಗದ್ದಕ್ಕೆ ಕೈ ಆಸರೆ. ತುಟಿ ಮುಚ್ಚಿದ್ದರೂ ಮೇಲಿನ, ಕೆಳಗಿನ ಹಲ್ಲುಗಳು ತಾಗದಿರುವುದೇ ದವಡೆಯ ವಿಶ್ರಾಂತಿ. ಇದನ್ನು ದಿನಕ್ಕೆ ಹತ್ತಾರು ಸಲ ನೆನೆಸಿಕೊಳ್ಳಬೇಕು. ಹಳೆಯ ನೋವಿಗೆ ದವಡೆಯ ವ್ಯಾಯಾಮ, ಫಿಸಿಯೋಥೆರಪಿ, ಮನಸ್ಸಿನ ಒತ್ತಡ ಇಳಿಸುವ ಆಪ್ತಸಮಾಲೋಚನೆಗಳನ್ನು ಬ್ರಿಟನ್ನಿನ ಬಿಎಂಜೆ ಪತ್ರಿಕೆಯ 2023ರ ಮಾರ್ಗಸೂಚಿ ಎತ್ತಿಹಿಡಿಯಿತು. ಹಲ್ಲಿನ ಮೇಲೆ ತೊಡಲು ಎಲ್ಲೆಡೆ ಬರೆದುಕೊಡುವ ಕವಚಕ್ಕೆ, ಅಂದರೆ ಸ್ಪ್ಲಿಂಟ್‌ಗೆ, ಅದು ಅಷ್ಟು ಬೆಂಬಲ ಕೊಡಲಿಲ್ಲ. ಹಲ್ಲು ಸವೆಯದಂತೆ ಕಾಯಲು ಸ್ಪ್ಲಿಂಟ್ ಬೇಕಾಗಬಹುದು, ನೋವಿಗೆ ಅದೇ ಮದ್ದೆಂದು ನಂಬಿ ದೊಡ್ಡ ಮೊತ್ತ ಸುರಿಯಬೇಕಿಲ್ಲ ಎಂಬುದು ನನ್ನ ಅನಿಸಿಕೆ.

ಬಾಯಿ ತೆರೆಯದಿರುವುದಕ್ಕೆಲ್ಲ ಕೀಲೇ ಕಾರಣವಲ್ಲ. ಅಡಿಕೆ, ಗುಟ್ಕಾ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತದೆ, ಖಾರ ತಿಂದರೆ ಉರಿಯುತ್ತದೆ. ಇದು ಕ್ಯಾನ್ಸರಿಗೆ ತಿರುಗಬಲ್ಲದು, ತಡಮಾಡದೆ ತೋರಿಸಬೇಕು. ಗದ್ದ ನೆಲಕ್ಕೆ ಬಡಿದು ಬಿದ್ದ ಮಗುವಿಗೆ ಮುಂದೆ ಬಾಯಿ ತೆರೆಯಲು ಕಷ್ಟವಾದರೂ ಅಷ್ಟೇ: ಕೀಲು ಬೆಸೆದುಕೊಂಡು ದವಡೆಯ ಬೆಳವಣಿಗೆ ಕುಂಠಿತವಾಗಬಹುದು, ಅಲ್ಲಿ ಶಸ್ತ್ರಚಿಕಿತ್ಸೆ ಬೇಕೇಬೇಕು.

ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟಷ್ಟು ಬಾಯಿ ತೆರೆಯದಿದ್ದರೆ, ನೋವು ವಾರಗಟ್ಟಲೆ ಬಿಡದಿದ್ದರೆ, ಹತ್ತಿರದ ದಂತ ವೈದ್ಯಕೀಯ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ಕೀಲುನೋವಿಗೆಂದು ಹಲ್ಲು ಉಜ್ಜಿ ತಗ್ಗಿಸುವ ಮಾತು ಬಂದರೆ, ಒಪ್ಪುವ ಮೊದಲು ಇನ್ನೊಬ್ಬ ತಜ್ಞರನ್ನು ಕೇಳಿ.